ಅತ್ತೆಯೂ ಅಂಬತ್ತೂರಿನ ಶಟರೂ

ನನ್ನ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಆದರೆ ಅವರ ಅಂಗಡಿಯ ಶಟರನ್ನು ಒಂದು ಸಲ ನೋಡಿದ್ದರೆ ಸಾಕು, ಹತ್ತು ವರ್ಷ ಬಿಟ್ಟು ಸಿಕ್ಕರೂ ಗುರುತು ಹಿಡಿಯುತ್ತಾರೆ! "ಅದೇ ಕಣೋ, ಎಡಗಡೆ ಮೂರನೇ ಪಟ್ಟಿ ನೆಗ್ಗಿರುತ್ತಲ್ಲ, ಆ ಮನುಷ್ಯ" ಅನ್ನುತ್ತಾರೆ. ಪಾಪ, ಪಟ್ಟಿ ನೆಗ್ಗಿರುವುದು ಅಂಗಡಿಯದು, ಮನುಷ್ಯ ನೆಟ್ಟಗೇ ಇರುತ್ತಾನೆ.

ಇದಕ್ಕೆ ಕಾರಣ ಅವರ ನೌಕರಿ. ಅತ್ತೆ, ಅಂದರೆ ನಮ್ಮಪ್ಪನ ತಂಗಿ, ಮದುವೆಯಾಗಲಿಲ್ಲ. ಇಪ್ಪತ್ತಮೂರನೇ ವಯಸ್ಸಿಗೆ ಹಾಸನದಿಂದ ಮದರಾಸಿಗೆ ಬಂದು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾದರು. ಅವರನ್ನು ಕೂರಿಸಿದ್ದು ಕಳ್ಳತನದ ವಿಭಾಗದಲ್ಲಿ. ಗಾಬರಿಯಾಗಬೇಡಿ, ಅಂಗಡಿ ಗೋದಾಮುಗಳಿಗೆ ಕಳ್ಳರು ನುಗ್ಗಿದರೆ ಮಾಲೀಕರು ಪರಿಹಾರ ಕೇಳಿ ಅರ್ಜಿ ಹಾಕುತ್ತಾರಲ್ಲ, ಆ ಫೈಲುಗಳ ವಿಭಾಗ. ಬೇರೆಯವರ ಅತ್ತೆಯಂದಿರು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದ ಕಾಲದಲ್ಲಿ ನಮ್ಮತ್ತೆ, ಯಾವ ಬೀದಿಯಲ್ಲಿ ಯಾವ ಕಳ್ಳ ಯಾವ ಶಟರಿನ ಯಾವ ಕೊಂಡಿಯನ್ನು ಹೇಗೆ ಮೀಟಿದ ಎಂಬುದನ್ನು ಮೂವತ್ತೈದು ವರ್ಷ ಓದಿದರು. ಪರಿಣಾಮ ಏನಾಗಬೇಕು ಹೇಳಿ? ಕಳ್ಳರ ಮೇಲೆ ಅವರಿಗೆ ಒಂದು ಬಗೆಯ ಗೌರವ ಬಂದುಬಿಟ್ಟಿತ್ತು.

"ಕಳ್ಳರನ್ನ ಬಯ್ಯಬೇಡ್ವೋ. ಅವರು ಕೆಲಸ ಕಲ್ತಿರ್ತಾರೆ. ಶಟರ್ ಹಾಕಿಸಿದೋನು ಕಲ್ತಿರಲ್ಲ."

ಇಂಥ ಅತ್ತೆಯ ಅಣ್ಣನ ಮಗನಾದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಒಂದು ಗ್ಯಾರೇಜು ತೆರೆಯಲು ಹೊರಟೆ. ಸಾಮಾನು ಸಾಗಿಸುವ ವ್ಯಾನುಗಳ ರಿಪೇರಿಯ ಗ್ಯಾರೇಜು. ನಾನು ಓದಿದ್ದು ಬಿ.ಕಾಂ., ಒಂದು ಸಾಗಾಣಿಕೆ ಕಂಪನಿಯಲ್ಲಿ ಐದು ವರ್ಷ ವ್ಯಾನುಗಳ ಲೆಕ್ಕ ಬರೆದು, ಆ ವ್ಯಾನುಗಳನ್ನು ನಾನೇ ಯಾಕೆ ರಿಪೇರಿ ಮಾಡಿಸಬಾರದು ಎನ್ನಿಸಿ, ಇಬ್ಬರು ಒಳ್ಳೆಯ ಮೆಕ್ಯಾನಿಕ್‌ಗಳನ್ನು ನಂಬಿಕೊಂಡು ಒಂದು ಶೆಡ್ಡು ಬಾಡಿಗೆಗೆ ಹಿಡಿದೆ. ಮೂರು ಕಡೆ ಗೋಡೆ, ಮೇಲೆ ತಗಡು. ನಾಲ್ಕನೆಯ ಕಡೆ ಹತ್ತಡಿ ಅಗಲದ ಬಟ್ಟಬಯಲು. ಅಲ್ಲಿಗೊಂದು ಶಟರ್ ಬೇಕು ಎಂದು ಅತ್ತೆಯ ಮುಂದೆ ಬಾಯಿ ತಪ್ಪಿ ಹೇಳಿಬಿಟ್ಟೆ.

ಅತ್ತೆ ನಿವೃತ್ತರಾಗಿ ಆಗ ಎರಡು ತಿಂಗಳು. ಮಾಂಬಲದ ತಮ್ಮ ಪುಟ್ಟ ಬಾಡಿಗೆ ಪೋರ್ಷನ್ನಿನಲ್ಲಿ, ಓದಲು ಒಂದು ಕಳ್ಳತನವೂ ಇಲ್ಲದೆ ಸೊರಗಿಹೋಗಿದ್ದರು. ನನ್ನ ಮಾತು ಕೇಳಿದ್ದೇ ತಡ, ಹಿಂಡುತ್ತಿದ್ದ ಸೀರೆಯನ್ನು ಬಕೆಟ್ಟಿಗೇ ಬಿಟ್ಟು ಎದ್ದು ನಿಂತರು.

"ನೀನು ಒಂದು ಹೆಜ್ಜೆ ಇಡಬೇಡ. ನಾನು ಬರ್ತೀನಿ."

ನಾನು ಆಗಲೇ ಒಂದು ಹೆಜ್ಜೆ ಇಟ್ಟಾಗಿತ್ತು. ರಾಯಪುರಂನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಬಂದರಿನ ಹತ್ತಿರದ ಯಾವುದೋ ಗೋದಾಮಿನಿಂದ ಬಿಚ್ಚಿ ತಂದ ಶಟರ್ ನೋಡಿಟ್ಟಿದ್ದೆ. ಹತ್ತಡಿಗೆ ಸರಿಯಾಗಿ ಹತ್ತಡಿ! ಹಸಿರು ಬಣ್ಣ ಪಳಪಳ ಹೊಳೆಯುತ್ತಿತ್ತು. ಅತ್ತೆಯನ್ನು ಹೆಮ್ಮೆಯಿಂದ ಕರೆದುಕೊಂಡು ಹೋದೆ. ಅವರು ಅದನ್ನು ಒಂದು ಸುತ್ತು ಬಂದರು. ಗಾಳಿಯಲ್ಲಿ ಮೀನಿನ ವಾಸನೆ, ಉಪ್ಪು. ಅತ್ತೆ ತುರುಬಿನಿಂದ ಒಂದು ಹೇರ್‌ಪಿನ್ ತೆಗೆದು ಕೆಳಗಿನ ಪಟ್ಟಿಯ ಮೇಲೆ ಮೆಲ್ಲಗೆ ಒತ್ತಿದರು. ಪಿನ್ನು ಆ ಕಡೆ ಹೋಯಿತು.

ಅಂಗಡಿಯವನು ಪಿನ್ನನ್ನು ನೋಡಿದ. ನಾನು ಅಂಗಡಿಯವನನ್ನು ನೋಡಿದೆ.

"ಸಮುದ್ರದ ಗಾಳಿ ತಿಂದು ಮುಗಿಸಿದೆ. ಬಣ್ಣ ಒಂದೇ ನಿಂತಿರೋದು. ಇದು ಶಟರ್ ಅಲ್ಲ ಕಣೋ, ಜರಡಿ. ಹಿಟ್ಟು ಜರಡಿ ಹಿಡಿಯೋಕೆ ಬೇಕಾದ್ರೆ ತಗೋ" ಎಂದು ಪಿನ್ನನ್ನು ಒರೆಸಿ ಮತ್ತೆ ಮುಡಿದುಕೊಂಡರು.

ಆಮೇಲೆ ಶುರುವಾಯಿತು ನೋಡಿ ಸಂಶೋಧನೆ! ಒಳ್ಳೆಯ ಶಟರ್ ಯಾವುದು ಎಂದು ತಿಳಿಯಬೇಕಾದರೆ ಅದು ಏರುವುದನ್ನೂ ಇಳಿಯುವುದನ್ನೂ ಕೇಳಬೇಕಂತೆ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಅಂಗಡಿಗಳನ್ನು ಮುಚ್ಚುವ ಹೊತ್ತಿಗೆ ಸರಿಯಾಗಿ ನಾವಿಬ್ಬರೂ ಬೀದಿ ಬೀದಿಯಲ್ಲಿ ಹಾಜರು. ಒಂದು ಬೆಳ್ಳಿ ಬಂಗಾರದ ಅಂಗಡಿಯ ಮುಂದೆ ಅತ್ತೆ ಕಣ್ಣು ಮುಚ್ಚಿ, ತಲೆ ವಾಲಿಸಿ, ಸಂಗೀತ ಕಛೇರಿ ಕೇಳುವವರಂತೆ ನಿಂತಿದ್ದರು. ಮಾಲೀಕ ಬೀಗ ಹಾಕಿ ತಿರುಗಿದರೆ ಎದುರಿಗೆ ಇವರು!

"ಎನ್ನಮ್ಮಾ ವೇಣುಂ?" ಎಂದ. ಏನು ಬೇಕಮ್ಮಾ ಅಂತ.

ಅತ್ತೆ ಕಣ್ಣು ತೆರೆಯದೆ ತಮಿಳಿನಲ್ಲೇ ಉತ್ತರ ಕೊಟ್ಟರು. "ನಾಲ್ಕು ನಿಮಿಷ."

"ಯಾವುದಕ್ಕೆ ನಾಲ್ಕು ನಿಮಿಷ?"

"ನಿಮ್ಮ ಶಟರ್ ತೆಗೆಯೋಕೆ. ಕೈ ಪಳಗಿದೋನಾದ್ರೆ ಮೂರು."

ಮುಂದಿನದನ್ನು ನೀವೇ ಊಹಿಸಬಹುದು. ಮಾಲೀಕ ಕೂಗಿದ, ಕಾವಲುಗಾರ ಓಡಿ ಬಂದ, ನನ್ನ ಕಾಲರು ಅವನ ಕೈಗೆ ಹೋಯಿತು. ಅತ್ತೆಯನ್ನು ಯಾರೂ ಮುಟ್ಟಲಿಲ್ಲ, ಅವರ ಮುಖ ಹಾಗಿದೆ, ಯಾವ ಕಾವಲುಗಾರನಿಗೂ ಶಾಲೆಯ ಟೀಚರ್ ನೆನಪಾಗಬೇಕು. ನಾನು ಬಿ.ಕಾಂ. ಪದವೀಧರ ಎಂದು ತಮಿಳಿನಲ್ಲಿ ಅಂಗಲಾಚುತ್ತಿದ್ದರೆ, ಅತ್ತೆ ಅತ್ತ ಮಾಲೀಕನಿಗೆ ನಡುವೆ ಒಂದೇ ಬೀಗ ಹಾಕಿದರೆ ಎರಡೂ ಮೂಲೆಗಳು ಹೇಗೆ ಬಾಯಿ ಬಿಡುತ್ತವೆ ಎಂದು ಪಾಠ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಅತ್ತೆಗೆ ಕುರ್ಚಿ ಬಂತು. ಹದಿನೈದನೇ ನಿಮಿಷಕ್ಕೆ ಫಿಲ್ಟರ್ ಕಾಫಿ ಬಂತು. ನನ್ನ ಕಾಲರನ್ನು ಬಿಟ್ಟಿದ್ದು ಕಾಫಿಯ ಲೋಟ ವಾಪಸ್ಸು ಹೋದ ಮೇಲೆ!

ಮುಂದಿನ ವಾರ ಅದೇ ದಾರಿಯಲ್ಲಿ ಹೋದೆವು. ಎರಡೂ ಮೂಲೆಗೆ ಹೊಸ ಬೀಗ ಬಿದ್ದಿತ್ತು. ಒಳಗಿನಿಂದ ಮಾಲೀಕ ಆಸೆಯ ಕಣ್ಣಿನಿಂದ ಅತ್ತೆಯನ್ನು ನೋಡಿದ. ಅತ್ತೆ ನಡೆಯುತ್ತಲೇ "ಈಗ ಹನ್ನೊಂದು" ಎಂದರು. ಫಸ್ಟ್ ಕ್ಲಾಸ್ ಬಂದ ಹುಡುಗನಂತೆ ಅವನ ಮುಖ ಅರಳಿತು.

ಕೊನೆಗೆ ಅಂಬತ್ತೂರಿನಲ್ಲೇ ಶಟರ್ ಮಾಡಿಕೊಡುವ ಒಬ್ಬರ ಹತ್ತಿರ ಹೋದೆವು. ಆತ "ಎಷ್ಟು ಗೇಜಿನ ತಗಡು ಹಾಕಲಿ, ಹದಿನೆಂಟೋ ಇಪ್ಪತ್ತೆರಡೋ?" ಎಂದು ಕೇಳಿದ. ಹೊಸ ಗ್ಯಾರೇಜಿನ ಮಾಲೀಕ ನಾನು, ಕಡಿಮೆಯದನ್ನು ಯಾಕೆ ತೆಗೆದುಕೊಳ್ಳಲಿ? "ಇಪ್ಪತ್ತೆರಡೇ ಹಾಕಿ" ಎಂದು ದೊಡ್ಡಸ್ತಿಕೆಯಲ್ಲಿ ಹೇಳಿದೆ. ತಗಡಿನ ಲೋಕದಲ್ಲಿ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ ಎಂದು ನನಗೆ ಯಾವ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು? ಅತ್ತೆ ಮಾದರಿಗೆ ಇಟ್ಟಿದ್ದ ಇಪ್ಪತ್ತೆರಡರ ತುಂಡೊಂದನ್ನು ಕೈಗೆತ್ತಿಕೊಂಡು, ಮೊಣಕಾಲಿಗೆ ಒತ್ತಿ, ಪಟ್ಟನೆ ಬಗ್ಗಿಸಿ ಮೇಜಿನ ಮೇಲಿಟ್ಟರು.

"ಐವತ್ತೆಂಟು ವರ್ಷದ ಹೆಂಗಸು ಬಗ್ಗಿಸೋ ಹಾಗಿದ್ರೆ ಅದು ಶಟರ್ ಅಲ್ಲಪ್ಪ, ಹಪ್ಪಳ. ಹದಿನೆಂಟೇ ಹಾಕು." ಆಮೇಲೆ ದನಿ ತಗ್ಗಿಸಿ, ನನ್ನ ಪರವಾಗಿ ಕ್ಷಮೆ ಕೇಳುವಂತೆ, "ಇವನು ಬಿ.ಕಾಂ." ಎಂದರು.

ಅಲ್ಲೇ ಇದ್ದ ಮೋಟರ್ ಮಾರುವವನೊಬ್ಬ ಮಧ್ಯೆ ಬಾಯಿ ಹಾಕಿದ. ಈಗೆಲ್ಲ ಕೈಯಲ್ಲಿ ಎತ್ತುವ ಕಾಲ ಹೋಯಿತು, ಗುಂಡಿ ಒತ್ತಿದರೆ ಸಾಕು, ಶಟರ್ ತಾನೇ ಏರುತ್ತದೆ ಎಂದ. ನನಗೆ ಆಸೆಯಾಯಿತು. ಅತ್ತೆ ಬಲು ವಿನಯದಿಂದ ಕೇಳಿದರು, "ಕರೆಂಟು ಹೋದ್ರೆ?"

"ಜನರೇಟರ್ ಹಾಕಿಸಿಕೊಳ್ಳಿ ಮೇಡಂ."

"ಜನರೇಟರ್ ಎಲ್ಲಿ ಇಡೋದು?"

"ಹೊರಗಿಟ್ಟರೆ ಕದ್ದುಕೊಂಡು ಹೋಗ್ತಾರೆ. ಶೆಡ್ ಒಳಗೆ ಇಡಬೇಕು."

"ಒಳಗೆ ಹೋಗೋಕೆ ಶಟರ್ ತೆಗೀಬೇಕಲ್ಲ?"

ಆತ ಸ್ವಲ್ಪ ಹೊತ್ತು ಮೇಲೆ ನೋಡಿದ, ಆಮೇಲೆ ಕೆಳಗೆ ನೋಡಿದ, ಆಮೇಲೆ ಕೈಚೀಲ ಎತ್ತಿಕೊಂಡು ಹೊರಟುಹೋದ. ಕೈಯಿಂದಲೂ ಎತ್ತಬಹುದಾದ ಏರ್ಪಾಟು ಅವನ ಮೋಟರಿನಲ್ಲೇ ಇರುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಪಾಪ, ಅತ್ತೆಯ ಎದುರಿಗೆ ಅವನಿಗೇ ಅದು ಮರೆತುಹೋಗಿತ್ತು!

ಅಂತೂ ಶಟರ್ ಬಂತು. ಅದರ ಜೊತೆ ಅತ್ತೆಯೂ ಬಂದರು. ಪ್ರತಿ ತಿಂಗಳ ಮೊದಲ ಭಾನುವಾರ, ಎರಡು ಬಸ್ಸು ಬದಲಿಸಿ, ಒಂದು ಕೈಯಲ್ಲಿ ಟಿಫನ್ ಕ್ಯಾರಿಯರು, ಇನ್ನೊಂದರಲ್ಲಿ ಹಳೇ ಸೀರೆಯ ಚೂರುಗಳು, ಸೀಮೆಎಣ್ಣೆ ಬಾಟಲಿ, ಪೇಂಟಿನ ಬ್ರಷ್ಷು ತುಂಬಿದ ಚೀಲ. ಶಟರ್ ಮೇಲೆ ಸುತ್ತಿಕೊಳ್ಳುವ ಜಾಗದಲ್ಲಿ ಎರಡು ಸ್ಪ್ರಿಂಗುಗಳಿರುತ್ತವೆ, ಭಾರವನ್ನೆಲ್ಲ ಅವು ಹೊತ್ತುಕೊಳ್ಳುವುದರಿಂದಲೇ ನಾವು ಸಲೀಸಾಗಿ ಎತ್ತುತ್ತೇವೆ, ಅವು ಸೊರಗಿದರೆ ಶಟರ್ ಭಾರವಾಗುತ್ತದೆ, ಅವು ಹೋದರೆ ಶಟರ್ ಬೀಳುತ್ತದೆ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ! ಎರಡು ಪಕ್ಕದ ಗೈಡುಗಳಲ್ಲಿ, ಅಂದರೆ ಶಟರ್ ಜಾರುವ ಕಬ್ಬಿಣದ ಸಂದುಗಳಲ್ಲಿ, ಗಟ್ಟಿ ಗ್ರೀಸ್ ಮೆತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಗ್ರೀಸ್ ಹಾಕಿದ್ರೆ ರಸ್ತೆ ಧೂಳೆಲ್ಲ ಬಂದು ಕೂತು ಹಲ್ವಾ ಆಗುತ್ತೆ. ಒರಸ್ಬೇಕು, ಆಮೇಲೆ ತೆಳ್ಳಗೆ ಎಣ್ಣೆ. ತಲೆಗೆ ಹಚ್ಚೋ ಹಾಗೆ." ಕೊನೆಗೆ ಶಟರನ್ನು ಸೊಂಟದ ಎತ್ತರಕ್ಕೆ ಎತ್ತಿ ಕೈ ಬಿಡುತ್ತಿದ್ದರು. ಅದು ಏರದೆ ಇಳಿಯದೆ ಅಲ್ಲೇ ನಿಂತರೆ "ಭೇಷ್" ಎಂದು ಅದರ ಬೆನ್ನು ತಟ್ಟುತ್ತಿದ್ದರು. ನಾನು ಪಿ.ಯು.ಸಿ.ಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಪ್ರೀತಿಯ ಏಟು ಬಿದ್ದಿರಲಿಲ್ಲ.

ಮೊದಲನೆಯ ಆಯುಧಪೂಜೆಗಂತೂ ಶಟರನ್ನು ಕೆಳಗಿಳಿಸಿ ಪ್ರತಿ ಪಟ್ಟಿಗೂ ಧಾರಾಳವಾಗಿ ಅರಿಶಿನ ಕುಂಕುಮ ಬಳಿದರು. ಪಟ್ಟಿಗಳು ಎಷ್ಟು? ಮೂವತ್ತಕ್ಕಿಂತ ಹೆಚ್ಚು! ರಜೆ ಮುಗಿದ ಬೆಳಿಗ್ಗೆ, ವ್ಯಾನು ತಡವಾಗಿದೆ ಎಂದು ಜಗಳ ಕಾಯಲು ಒಬ್ಬ ಗಿರಾಕಿ ಬಿಳಿ ಷರಟು ಬಿಳಿ ಪ್ಯಾಂಟು ಧರಿಸಿ ಬಾಗಿಲಲ್ಲೇ ನಿಂತಿದ್ದರು. ನಾನು ಶಟರ್ ಎತ್ತಿದೆ. ಅದು ಗಡಗಡ ಸುತ್ತಿಕೊಳ್ಳುತ್ತ ಎರಡು ದಿನದ ಕುಂಕುಮವನ್ನೆಲ್ಲ ಅವರ ತಲೆಯ ಮೇಲೆ ಅಭಿಷೇಕ ಮಾಡಿತು! ಅವರು ಕಣ್ಣುಜ್ಜಿಕೊಂಡು, ಭುಜ ನೋಡಿಕೊಂಡು, ಏನನ್ನಿಸಿತೋ, ಸುಮ್ಮನೆ ಕೈ ಮುಗಿದರು. ಜಗಳಕ್ಕೆ ಬಂದವರು ಪ್ರಸಾದ ತೆಗೆದುಕೊಂಡು ಹೋದರು. ಮುಂದಿನ ಆರು ತಿಂಗಳು ನಮ್ಮಲ್ಲಿಗೆ ಬಂದ ವ್ಯಾನುಗಳೆಲ್ಲ ಮುತ್ತೈದೆಯರಾಗಿಯೇ ಹೊರಗೆ ಹೋದವು.

ನನ್ನ ಮದುವೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪೋರೂರಿನಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಕೆಳಗೆ ಹುಡುಗಿಯ ತಂದೆಯ ಔಷಧಿ ಅಂಗಡಿ, ಮೇಲೆ ಮನೆ. ಎಲ್ಲರೂ ಮೇಲೆ ಹೋಗಿ, ಉಪ್ಪಿಟ್ಟು ತಿಂದು, ಹುಡುಗಿಯೂ ಬಂದು ಕೂತಾಯಿತು, ಅತ್ತೆಯ ಪತ್ತೆಯಿಲ್ಲ! ಕಾಲು ಗಂಟೆಯ ಮೇಲೆ ಕೈಯೊರೆಸಿಕೊಳ್ಳುತ್ತ ಬಂದು, ಹುಡುಗಿಯತ್ತ ಒಂದು ನೋಟವನ್ನೂ ಹಾಯಿಸದೆ ನನ್ನ ಕಿವಿಯಲ್ಲಿ, "ಒಪ್ಕೊಂಡ್ಬಿಡು. ಶಟರ್ ಬೆಣ್ಣೆ ಹಾಗೆ ಏರುತ್ತೆ. ಅದಕ್ಕೆ ಎಣ್ಣೆ ಹಾಕೋದು ಈ ಹುಡುಗೀನೇ ಅಂತೆ" ಎಂದರು. ಇವತ್ತಿಗೂ ನನ್ನ ಹೆಂಡತಿ, ಯಾರಾದರೂ ಪ್ರೇಮವಿವಾಹವೋ ಹಿರಿಯರು ಮಾಡಿದ್ದೋ ಎಂದು ಕೇಳಿದರೆ, "ಎರಡೂ ಅಲ್ಲ, ಶಟರ್ ಮಾಡಿದ್ದು" ಎನ್ನುತ್ತಾಳೆ.

ಗ್ಯಾರೇಜು ಬೆಳೆಯಿತು. ಪಕ್ಕದ ಶೆಡ್ಡನ್ನೂ ಹಿಡಿದು ನಡುವಿನ ಗೋಡೆಯಲ್ಲಿ ಬಾಗಿಲು ತೆಗೆಸಿದೆ. ನನಗೆ ಮೊಬೈಲು ಬಂತು, ಮೊಬೈಲಿನ ಜೊತೆ ಸ್ವಲ್ಪ ಜಂಬವೂ ಬಂತು. ದೊಡ್ಡ ಕಂಪನಿಯವರು ವ್ಯಾನು ಬಿಡಲು ಬಂದಾಗ, ಕಚ್ಚೆ ಕಟ್ಟಿದಂತೆ ಸೀರೆ ಸಿಕ್ಕಿಸಿಕೊಂಡ ಒಬ್ಬ ವಯಸ್ಸಾದ ಹೆಂಗಸು ಏಣಿಯ ಮೇಲೆ ನಿಂತು ಶಟರ್ ಉಜ್ಜುತ್ತಿರುವುದು ನನಗೆ ಮುಜುಗರ ತರತೊಡಗಿತು. ಈ ಮಾತನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ನಿಜ. ಶಟರ್ ನೋಡಿಕೊಳ್ಳುವ ಒಂದು ಸಂಸ್ಥೆಗೆ ವರ್ಷದ ಗುತ್ತಿಗೆ ಕೊಟ್ಟುಬಿಟ್ಟೆ. ನೀಲಿ ಸಮವಸ್ತ್ರದ ಇಬ್ಬರು ಬಂದರು, ಗ್ರೀಸ್ ಮೆತ್ತಿದರು, ಒಂದು ಕಾರ್ಡು ಅಂಟಿಸಿ ಟಿಕ್ ಹಾಕಿ ಹೋದರು.

ಭಾನುವಾರ ಬಂದ ಅತ್ತೆ ಕಾರ್ಡನ್ನು ಓದಿದರು. ಚೀಲವನ್ನು ಬಿಚ್ಚಲಿಲ್ಲ.

"ನಿಮಗೂ ವಯಸ್ಸಾಯ್ತಲ್ಲ ಅತ್ತೆ, ಏಣಿ ಗೀಣಿ ಯಾಕೆ ಅಂತ..." ಎಂದೆ.

"ಪರವಾಯಿಲ್ಲೆ ಕಣೋ" ಎಂದರು. ಅತ್ತೆಗೆ ತುಂಬ ಬೇಜಾರಾದಾಗ ಮಾತ್ರ ನನ್ನ ಹತ್ತಿರ ತಮಿಳು ಬರುತ್ತದೆ. ಅವತ್ತು ಚಹಾ ಕೂಡ ಕುಡಿಯದೆ ಹೋದರು.

ಆದರೆ ಬರುವುದನ್ನು ಬಿಡಲಿಲ್ಲ. ಈಗ ಚೀಲವಿಲ್ಲ, ಟಿಫನ್ ಕ್ಯಾರಿಯರು ಒಂದೇ. ಭಾನುವಾರದ ಬದಲು ಯಾವುದೋ ಒಂದು ದಿನ, "ವಾಂಗೀಬಾತ್ ಮಾಡಿದ್ದೆ, ಹಾಗೇ ಬಂದೆ" ಎಂದು ಬಂದು, ಯಾರಾದರೂ ಶಟರ್ ಎತ್ತುವವರೆಗೆ ಅದೂ ಇದೂ ಮಾತಾಡುತ್ತ ಕೂರುತ್ತಿದ್ದರು. ಎರಡು ಬಸ್ಸು ಬದಲಿಸಿ ಯಾರಾದರೂ ಹಾಗೇ ಬರುತ್ತಾರೆಯೇ? ಅಂಥ ಒಂದು ದಿನ ಹೇಳಿದರು.

"ಲೋ, ಅದು ಭಾರ ಆಗಿದೆ. ಹುಡುಗರು ಉಸಿರು ಕಟ್ಟಿ ಎತ್ತುತಾರೆ. ಒಂದು ಸ್ಪ್ರಿಂಗ್ ಹೋಗಿದೆ ಅಂತ ಕಾಣುತ್ತೆ."

"ಹೋದ ವಾರ ತಾನೇ ಅವರು ನೋಡಿ ಟಿಕ್ ಹಾಕಿದಾರೆ ಅತ್ತೆ."

"ಟಿಕ್ ಹಾಕಿದ್ರೆ ಸ್ಪ್ರಿಂಗ್ ಕೂಡ್ಕೊಳುತ್ತಾ? ಮೂವತ್ತೈದು ವರ್ಷ ಟಿಕ್ಕೇ ನೋಡಿದೀನಿ ನಾನು."

ಮೂರು ವಾರದಲ್ಲಿ ಮೂರು ಸಲ ಹೇಳಿದರು. ನಾನು ಮೂರು ಸಲವೂ ಆಯಿತು ಎಂದೆ. ಮತ್ತು ಮೂರು ಸಲವೂ ಮರೆತೆ.

ನಾಲ್ಕನೆಯ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ತಲೆಯ ಮೇಲೆ ಮುಕ್ಕಾಲು ಏರಿಸಿದ್ದ ಶಟರಿನ ಕೆಳಗೇ ನಿಂತು, ಹೊರಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಗಿರಾಕಿಯೊಬ್ಬರ ಜೊತೆ ಮೊಬೈಲಿನಲ್ಲಿ ಮಾತಾಡುತ್ತಿದ್ದೆ. ರಸ್ತೆಯ ಕಡೆಯಿಂದ ಅತ್ತೆ ಬರುತ್ತಿದ್ದದ್ದು ಕಂಡಿತು. ಒಂದು ಕೈಯೆತ್ತಿ ನಿಲ್ಲಿ ಎಂದು ಸನ್ನೆ ಮಾಡಿದೆ, ಮಾತು ಮುಗಿಯಲಿ ಅಂತ. ಆಗ ಮೇಲೆ ಎಲ್ಲೋ "ಟಣ್" ಎಂದಿತು. ನನಗೆ ಅದು ಕೇಳಲೇ ಇಲ್ಲ. ಕೇಳಿದ್ದು ಅತ್ತೆಗೆ. ಅರವತ್ತೈದು ವರ್ಷದ, ಮಂಡಿನೋವಿನ ನಮ್ಮತ್ತೆ ಆ ಹತ್ತು ಹೆಜ್ಜೆಯನ್ನು ಹೇಗೆ ಓಡಿದರೋ, ನನಗೆ ತಿಳಿದದ್ದು ಎದೆಗೆ ಬಿದ್ದ ಗುದ್ದು ಮಾತ್ರ. ನಾನು ಒಳಗೆ ಹಳೇ ಎಂಜಿನ್ ಆಯಿಲ್ಲಿನ ತಟ್ಟೆಯ ಮೇಲೆ ಬಿದ್ದೆ, ನನ್ನ ಪಕ್ಕದಲ್ಲಿ ಅತ್ತೆ ಬಿದ್ದರು, ನಮ್ಮ ಹಿಂದೆ ಇಡೀ ಶಟರ್ ಧಡಾರೆಂದು ನೆಲಕ್ಕೆ ಬಿತ್ತು. ಅದರ ಕೆಳಗೆ ಸಿಕ್ಕಿದ ಟಿಫನ್ ಕ್ಯಾರಿಯರು ಚಪಾತಿಯಂತಾಗಿ, ವಾಂಗೀಬಾತು ಗೋಡೆಯವರೆಗೂ ಹಾರಿತ್ತು.

ಅತ್ತೆಯ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗೆ ತಿರುಗಿತ್ತು.

"ಅತ್ತೆ!" ಎಂದು ಕೂಗಿದೆ.

"ಎರಡನೇದೂ ಹೋಯ್ತು" ಎಂದರು. ಸ್ಪ್ರಿಂಗಿನ ಸಮಾಚಾರ! ಎಬ್ಬಿಸಲು ಓಡಿ ಬಂದ ಮೆಕ್ಯಾನಿಕ್‌ಗಳಿಗೆ, ಹಲ್ಲು ಕಚ್ಚಿಕೊಂಡೇ, "ಯಾರೂ ಅದನ್ನ ಎತ್ತೋಕೆ ಹೋಗಬೇಡಿ, ಮತ್ತೆ ಬೀಳುತ್ತೆ. ಪಕ್ಕದ ಶೆಡ್ಡಿಂದ ಹೋಗೋಣ" ಎಂದು ತಮಿಳಿನಲ್ಲಿ ಅಪ್ಪಣೆ ಮಾಡಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೇನೂ ಆಗಿಲ್ಲ ತಾನೇ?" ಎಂದು ಕೇಳಿದರು. ತಲೆಯಾಡಿಸಿದೆ.

ಪೋರೂರಿನ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಸುದ್ದಿ ತಿಳಿದು ನನ್ನ ಹೆಂಡತಿಯೂ ಓಡಿ ಬಂದಳು. ಸ್ಟ್ರೆಚರಿನ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ನಾನು ಮೈಯೆಲ್ಲ ಕಪ್ಪು ಎಣ್ಣೆ ಸುರಿಸಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಫಾರಂ ತುಂಬಿಸುತ್ತಿದ್ದ ಹೆಂಗಸು ಹೆಸರು ಕೇಳಿದಳು, ವಯಸ್ಸು ಕೇಳಿದಳು. ಆಮೇಲೆ "ನೀಂಗ ಅವಂಗಳುಕ್ಕು ಯಾರು?" ಎಂದಳು. ನೀವು ಅವರಿಗೆ ಏನಾಗಬೇಕು?

"ಮಗ" ಎಂದೆ. ಯೋಚಿಸಿ ಹೇಳಿದ್ದಲ್ಲ.

ಅತ್ತೆಯ ಕಣ್ಣು ತೆರೆಯಿತು. "ಲೋ, ಸುಳ್ಳು ಬರೆಸ್ಬೇಡ. ಫಾರಂನಲ್ಲಿ ಒಂದು, ನನ್ನ ಮೆಡಿಕಲ್ ಪಾಲಿಸೀಲಿ ಒಂದು ಇದ್ರೆ ಕ್ಲೇಮು ನಿಂತುಹೋಗುತ್ತೆ. ಅಣ್ಣನ ಮಗ ಅಂತ ಬರೆಸು."

"ಮಗ ಅಂತಲೇ ಬರ್ಕೊಳ್ಳಿ" ಎಂದು ನಾನು ಆಕೆಗೆ ಹೇಳಿದೆ.

ಆಕೆ ಪೆನ್ನು ಎತ್ತಿ ಹಿಡಿದು ನನ್ನನ್ನೂ ಅತ್ತೆಯನ್ನೂ ನೋಡಿದಳು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಆಕೆ ಬರೆದುಕೊಂಡಳು.

ಕ್ಲೇಮು ನಿಂತಿತು! ಅತ್ತೆ ಹೇಳಿದಂತೆಯೇ. ಅವರ ಹಳೇ ಕಚೇರಿಯಿಂದಲೇ ಒಂದು ಕಾಗದ ಬಂತು. ನಮ್ಮ ದಾಖಲೆಯಲ್ಲಿ ತಾವು ಅವಿವಾಹಿತೆ ಎಂದಿದೆ, ಆಸ್ಪತ್ರೆಯ ಫಾರಂನಲ್ಲಿ ಜೊತೆಗಿದ್ದವರು ಮಗ ಎಂದಿದೆ, ದಯವಿಟ್ಟು ಸ್ಪಷ್ಟಪಡಿಸುವುದು ಎಂದು. ಅತ್ತೆ ಆಗ ನಮ್ಮ ಮನೆಯಲ್ಲೇ ಇದ್ದರು. ಕಾಗದವನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಓದಿ, ಮಡಿಸಿ ದಿಂಬಿನ ಕೆಳಗಿಟ್ಟರು.

"ತಪ್ಪಾಗಿ ಬರೆದಿದಾರೆ, ಅಣ್ಣನ ಮಗ ಅಂತ ಒಂದು ಸಾಲು ಬರೆದು ಕಳಿಸಿದ್ರೆ ಮುಗೀತಲ್ಲ ಅತ್ತೆ" ಎಂದಳು ನನ್ನ ಹೆಂಡತಿ.

"ಬರೆಯೋ ಕೈಗೆ ಪ್ಲಾಸ್ಟರ್ ಇದೆಯಲ್ಲಮ್ಮ" ಎಂದರು ಅತ್ತೆ.

ಪ್ಲಾಸ್ಟರ್ ಬಿಚ್ಚಿ ಈಗ ನಾಲ್ಕು ವರ್ಷವಾಯಿತು. ಕೈ ಚೆನ್ನಾಗಿದೆ. ಮೂವತ್ತೈದು ವರ್ಷ ಬೇರೆಯವರ ಅರ್ಜಿಗಳಲ್ಲಿ ಒಂದಕ್ಷರ ತಪ್ಪಿದ್ದರೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸುತ್ತಿದ್ದ ನಮ್ಮತ್ತೆ ಆ ಒಂದು ಸಾಲನ್ನು ಮಾತ್ರ ಇವತ್ತಿನವರೆಗೂ ಬರೆದಿಲ್ಲ.